ಕಡಲಿಗೆ ಕಸ ಬೀಳದಂತೆ ಬೋಟು ನಡೆಸುವುದು

ಮೀನುಗಾರಿಕೆಯಿಂದ ಕಡಲು ಸೇರುವ ಕಸದಲ್ಲಿ ಕಣ್ಣಿಗೆ ಬೀಳುವುದು ತಿಂಡಿಪೊಟ್ಟಣ, ನೀರಿನ ಬಾಟಲಿ. ಹೆಚ್ಚು ಹಾನಿ ಮಾಡುವುದು ಬಲೆ. ತಪ್ಪಿಹೋದ ನೈಲಾನ್ ಬಲೆ ಕೊಳೆಯದೆ ತಳಕ್ಕಿಳಿದು, ಎಳೆದುಕೊಳ್ಳುವವರಿಲ್ಲದಿದ್ದರೂ ಮೀನು, ಏಡಿ, ಕಡಲಾಮೆಗಳನ್ನು ಹಿಡಿಯುತ್ತಲೇ ಇರುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಇನ್ನೊಂದು ಬೋಟಿನ ಫ್ಯಾನಿಗೆ ಅದು ಸುತ್ತಿಕೊಂಡರೆ ನಡುಗಡಲಲ್ಲಿ ಎಂಜಿನ್ ನಿಲ್ಲುತ್ತದೆ.

ಕೆಲಸ ದಕ್ಕೆಯಲ್ಲೇ ಶುರುವಾಗಬೇಕು. ಹಲವು ದಿನಗಳ ಆಳಸಮುದ್ರ ಮೀನುಗಾರಿಕೆಗೆ ಸಾಮಾನು ಏರಿಸುವಾಗ ಸಣ್ಣ ಪ್ಯಾಕೆಟ್‌ಗಳ ಬದಲು ಡಬ್ಬಿ, ಬಾಟಲಿಗಳ ಬದಲು ಕ್ಯಾನ್ ಒಯ್ಯಬೇಕು. ಕಸಕ್ಕೆ ಮುಚ್ಚಳದ ಡ್ರಮ್ ಒಂದನ್ನು ಕ್ಯಾಬಿನ್ ಬದಿಗೆ ಬಿಗಿದು ಕಟ್ಟಬೇಕು. ತೆರೆದ ಚೀಲ ಸಾಲದು, ಗಾಳಿ ಎದ್ದರೆ ಚೀಲವೇ ಕಸವಾಗುತ್ತದೆ.

ಆಮೇಲಿನದು ಬಲೆ ಕಳೆಯದಂತೆ ನೋಡಿಕೊಳ್ಳುವುದು. ಬಲೆ ಸಿಕ್ಕಿಕೊಂಡ ಕಲ್ಲುಬಂಡೆಯ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಟ್ಟು, ಮುಂದಿನ ಸಲ ಅದರಿಂದ ದೂರ ಬಲೆ ಬಿಡಬೇಕು. ಫ್ಲೋಟ್‌ಗಳ ಮೇಲೆ ಬೋಟಿನ ನೋಂದಣಿ ಸಂಖ್ಯೆ ಬರೆದಿದ್ದರೆ ಸಿಕ್ಕವರು ಮರಳಿಸಬಹುದು. ರಾತ್ರಿ ಬಿಟ್ಟ ಬಲೆಯ ತುದಿಗೆ ದೀಪವಿಲ್ಲದಿದ್ದರೆ ಟ್ರಾಲ್ ಬೋಟು ಅದನ್ನು ಹರಿದುಕೊಂಡು ಹೋಗುತ್ತದೆ; ಕರಾವಳಿಯ ಎಷ್ಟೋ ಜಗಳಗಳಿಗೆ ಕಾರಣವೂ ಇದೇ. ಇಷ್ಟಾಗಿಯೂ ಬಲೆ ತಪ್ಪಿದರೆ ಜಾಗ ಬರೆದಿಟ್ಟು, ಹತ್ತಿರದ ಬೋಟುಗಳಿಗೆ ವಯರ್‌ಲೆಸ್‌ನಲ್ಲಿ ತಿಳಿಸಿ, ಕಡಲು ಶಾಂತವಿದ್ದಾಗ ಕೊಕ್ಕೆ ಎಳೆದು ಹುಡುಕಬೇಕು.

ತಳ ಗೋರುವ ಟ್ರಾಲ್ ಬಲೆಯಲ್ಲಿ ಮೀನಿನ ಜೊತೆ ಪ್ಲಾಸ್ಟಿಕ್ ಬರುವುದು ಮಾಮೂಲು. ಅದನ್ನು ಮತ್ತೆ ನೀರಿಗೆಸೆಯದೆ ದಡಕ್ಕೆ ತರಬೇಕು. ಕೇರಳದ ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ 2017ರಲ್ಲಿ ಆರಂಭವಾದ ‘ಶುಚಿತ್ವ ಸಾಗರಂ’ ಯೋಜನೆಯಲ್ಲಿ ಬೋಟುಗಳಿಗೆ ಚೀಲ ಕೊಟ್ಟು, ಅವು ತಂದ ಪ್ಲಾಸ್ಟಿಕ್ಕನ್ನು ತೊಳೆದು, ಚೂರು ಮಾಡಿ, ರಸ್ತೆಯ ಡಾಂಬರಿಗೆ ಬೆರೆಸಲಾಯಿತು. ತಂದದ್ದನ್ನು ತೆಗೆದುಕೊಳ್ಳುವವರು ದಡದಲ್ಲಿ ಇಲ್ಲದಿದ್ದರೆ ಬೋಟಿನವರ ಶ್ರಮ ವ್ಯರ್ಥ. ಆ ಹೊಣೆ ಬಂದರು ನೋಡಿಕೊಳ್ಳುವವರದು.

ಹೆಚ್ಚಾಗಿ ಮರೆತುಹೋಗುವುದು ಬಲೆ ರಿಪೇರಿಯ ಕಸ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ, ತದಡಿಗಳಲ್ಲಿ ಆಗ ಬಲೆ ಸರಿಪಡಿಸುವ ಕೆಲಸ. ಕತ್ತರಿಸಿದ ನೂಲಿನ ತುಂಡುಗಳು ನೆಲದಲ್ಲೇ ಉಳಿದರೆ ಮಳೆನೀರಿನೊಂದಿಗೆ ಚರಂಡಿ, ಅಳಿವೆ ದಾಟಿ ಕಡಲು ಸೇರುತ್ತವೆ. ಟಾರ್ಪಾಲು ಹಾಸಿ ಅದರ ಮೇಲೆ ಕೂತು ಹೆಣೆದರೆ, ಸಂಜೆ ತುಂಡುಗಳನ್ನು ಒಟ್ಟುಮಾಡಿ ಮೂಟೆ ಕಟ್ಟಿದರಾಯಿತು.

ಎಂಜಿನಿನಿಂದ ತೆಗೆದ ಹಳೆಯ ಆಯಿಲನ್ನು ಕ್ಯಾನಿಗೆ ತುಂಬಿ ದಡಕ್ಕೆ ತರಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಒಯ್ಯುವಂಥ ಪ್ರವಾಸಿ ಬೋಟುಗಳವರು ಕುರುಕಲು ಪೊಟ್ಟಣಗಳನ್ನು ಹತ್ತುವಾಗಲೇ ದಡದಲ್ಲಿ ಇರಿಸಿಕೊಂಡು, ನೀರಿನ ಬಾಟಲಿಗಳನ್ನು ಹೋಗುವಾಗಲೂ ಬರುವಾಗಲೂ ಎಣಿಸಬೇಕು.