ಕಾಲದ ಮುದ್ರೆಯೂ ಕಡತಗಳ ಘರ್ಷಣೆಯೂ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ ಶಾಸನವೊಂದುಂಟು. ಅದರ ಕಾಲ ಕ್ರಿ.ಶ. ೧೫೦೯-೧೦. ಕಲ್ಲಿನ ಮೇಲೆ ಒದ್ದೆ ಕಾಗದವನ್ನೊತ್ತಿ ಇಂದು ಅಚ್ಚುಪ್ರತಿ ತೆಗೆದರೂ ಅದರಲ್ಲಿ ಮೂಡುವುದು ಶಾಸನದ ತಿಥಿಯೇ ಹೊರತು ಅಚ್ಚು ತೆಗೆದ ದಿನವಲ್ಲ. ಆದುದರಿಂದಲೇ ಒಬ್ಬರ ಪ್ರತಿಯನ್ನು ಮತ್ತೊಬ್ಬರದರೊಡನೆ ಹೋಲಿಸಲು ಸಾಧ್ಯ. ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿ ಈ ನಿಯಮವನ್ನು ಬಹುಕಾಲ ಹೆಚ್ಚಿನವರು ಗಮನಿಸಿರಲಿಲ್ಲ. ಅದರ ಪರಿಣಾಮವನ್ನು ನೋಡೋಣ.

ತಂತ್ರಾಂಶವನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ, ಇದು ಮೂಲಪಾಠ. ಯಂತ್ರವು ಬಳಸುವ ಕಡತಗಳನ್ನು ಅದರಿಂದ ನಿರ್ಮಿಸಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕಡತಗಳು ‘ಪ್ಯಾಕೇಜು’ ಎಂಬ ಕಟ್ಟುಗಳಾಗಿ ದೊರೆಯುತ್ತವೆ. ಲಿನಕ್ಸಿನ ಒಂದು ಪ್ರಭೇದವಾದ ಡೆಬಿಯನ್‌ನಲ್ಲಿ ಕನ್ನಡದ ‘ಗುಬ್ಬಿ’ ಫಾಂಟೂ ಹೀಗೆಯೇ ದೊರೆಯುತ್ತದೆ. ಹೊಸಪೇಟೆಯ ವಿದ್ಯಾರ್ಥಿಯೊಬ್ಬನೂ ಸಂಡೂರಿನ ವಿದ್ಯಾರ್ಥಿನಿಯೊಬ್ಬಳೂ ಒಂದೇ ಮೂಲಪಾಠದಿಂದ, ಒಂದೇ ಸಾಧನದಿಂದ ಈ ಫಾಂಟನ್ನು ನಿರ್ಮಿಸಿದರೆನ್ನೋಣ. ಅಕ್ಷರಗಳ ಆಕಾರದಲ್ಲಿ ಕೂದಲೆಳೆಯಷ್ಟೂ ಭೇದವಿರದು. ಆದರೂ ಕಡತಗಳು ಭಿನ್ನವಾಗಬಹುದು. ಟ್ರೂಟೈಪ್ ಫಾಂಟಿನ ‘ಹೆಡ್’ ಎಂಬ ಕೋಷ್ಟಕದಲ್ಲಿ ಫಾಂಟು ಹುಟ್ಟಿದ ಮತ್ತು ಬದಲಾದ ಕಾಲಗಳನ್ನು ಬರೆಯಲು ಸ್ಥಳವಿದೆ. ಇವನ್ನು ೧೯೦೪ರ ಜನವರಿ ೧ರಿಂದ ಸೆಕೆಂಡುಗಳಲ್ಲಿ ಎಣಿಸುತ್ತಾರೆ. ಸಾಧನವು ಅಲ್ಲಿ ಗಡಿಯಾರದ ಕಾಲವನ್ನೇ ತುಂಬಿದರೆ ಒಂದು ಸೆಕೆಂಡಿನ ಅಂತರವೂ ಭೇದಕ್ಕೆ ಸಾಕು.

ಇದರಿಂದ ನಷ್ಟವೇನು? ೨೦೨೦ರಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದುಷ್ಕರ್ಮಿಗಳು ನಿರ್ಮಾಣದ ಹೊತ್ತಿನಲ್ಲಿಯೇ ತಂತ್ರಾಂಶದೊಳಕ್ಕೆ ಕಳ್ಳಬಾಗಿಲನ್ನು ಸೇರಿಸಿದ್ದರು. ಇಂತಹ ಮೋಸವನ್ನು ಮೂಲಪಾಠವನ್ನು ಓದಿ ಕಂಡುಹಿಡಿಯಲಾಗದು. ಸ್ವತಂತ್ರವಾಗಿ ಮತ್ತೊಮ್ಮೆ ನಿರ್ಮಿಸಿ ಹೋಲಿಸಬೇಕು. ಪ್ರತಿಯೊಂದು ನಿರ್ಮಾಣವೂ ಕಾಲದ ಮುದ್ರೆಯಿಂದಲೇ ಭಿನ್ನವಾಗುವುದಾದರೆ, ನಿರಪಾಯದ ಭೇದಗಳ ನಡುವೆ ಮೋಸದ ಭೇದವು ಅಡಗಿಹೋಗುತ್ತದೆ.

ಎರಡನೆಯ ತೊಡಕು ಕಡತಗಳ ಘರ್ಷಣೆ. ಕಂಪ್ಲಿಯಲ್ಲಿ ಒಬ್ಬನು ತನ್ನ ೬೪ ಬಿಟ್ ಯಂತ್ರದಲ್ಲಿ ೩೨ ಬಿಟ್‌ನ ಹಳೆಯ ತಂತ್ರಾಂಶವೊಂದನ್ನು ನಡೆಸಬೇಕಾಗಿದೆಯೆನ್ನೋಣ. ಆಗ ಒಂದೇ ಪ್ಯಾಕೇಜಿನ ಎರಡು ರೂಪಗಳನ್ನೂ ಅವನು ಸ್ಥಾಪಿಸಬೇಕಾದೀತು. ಎರಡರಲ್ಲಿಯೂ ಒಂದೇ ಸ್ಥಾನಕ್ಕೆ ಸೇರುವ, ಒಂದೇ ಹೆಸರಿನ ವಿವರಣೆಯ ಕಡತವಿರುತ್ತದೆ. ಇದಕ್ಕೆಂದೇ ಗುರುತಿಸಿದ ಪ್ಯಾಕೇಜುಗಳಲ್ಲಿ, ಬೈಟು ಬೈಟೂ ಸಮವಾಗಿದ್ದರೆ ಡೆಬಿಯನ್ನಿನ ಸ್ಥಾಪಕವು ಒಂದೇ ಪ್ರತಿಯನ್ನು ಇಬ್ಬರಿಗೂ ಹಂಚಿಕೊಡುತ್ತದೆ. ಇಲ್ಲವಾದರೆ ಸ್ಥಾಪನೆಯನ್ನೇ ನಿರಾಕರಿಸುತ್ತದೆ. ಕಡತವನ್ನು ಕುಗ್ಗಿಸುವ ‘ಜಿಜಿಪ್’ ವಿಧಾನದ ಶಿರೋಭಾಗದಲ್ಲಿ ಕಾಲಕ್ಕೆಂದು ೪ ಬೈಟುಗಳಿವೆ. ಅವುಗಳಲ್ಲಿನ ಭೇದವೊಂದರಿಂದಲೇ ಕೆಲಸ ನಿಂತುಹೋಗಬಹುದು!

ಪರಿಹಾರವು ಸರಳ. ಕಾಲವು ಅನಾವಶ್ಯಕವಾದೆಡೆ ಸೊನ್ನೆಯನ್ನು ಬರೆಯುವುದು. ಅವಶ್ಯವಾದೆಡೆ ನಿರ್ಮಾಣದ ಕಾಲಕ್ಕೆ ಬದಲಾಗಿ ಮೂಲಪಾಠದ ಕಾಲವನ್ನು ಬರೆಯುವುದು. ಡೆಬಿಯನ್ನಿನಲ್ಲಿ ಪ್ಯಾಕೇಜಿನ ಬದಲಾವಣೆಗಳ ದಿನಚರಿಯ ಇತ್ತೀಚಿನ ದಿನಾಂಕವನ್ನು ‘ಸೋರ್ಸ್ ಡೇಟ್ ಎಪಕ್’ ಎಂಬ ಹೆಸರಿನಲ್ಲಿ ಸಾಧನಗಳಿಗೆ ತಿಳಿಸುತ್ತಾರೆ. ಇದು ೧೯೭೦ರ ಜನವರಿ ೧ರಿಂದ ಎಣಿಸಿದ ಸೆಕೆಂಡುಗಳ ಸಂಖ್ಯೆ. ನಿರ್ಮಾಣದ ಉಳಿದ ಸನ್ನಿವೇಶವೂ ಒಂದೇ ಆಗಿದ್ದರೆ ಹೊಸಪೇಟೆಯ ಕಡತವೂ ಸಂಡೂರಿನ ಕಡತವೂ ಈಗ ಸಮವಾಗುತ್ತವೆ.

ಒಂದನ್ನು ಮರೆಯಬಾರದು. ಮೂಲಪಾಠದಲ್ಲಿಯೇ ದೋಷವಿದ್ದರೆ ಈ ಸಮತೆಯು ಅದನ್ನು ನೀಗಿಸದು. ಓದಿದ ಪಾಠಕ್ಕೂ ಬಳಸುವ ಕಡತಕ್ಕೂ ನಡುವೆ ಅನ್ಯರ ಕೈ ಸೇರಿಲ್ಲವೆಂಬ ಭರವಸೆಯನ್ನು ಮಾತ್ರ ಅದು ಕೊಡುತ್ತದೆ. ಆ ಭರವಸೆಗಾಗಿ ನಾವು ಯಾರ ಮಾತನ್ನೂ ನಂಬಬೇಕಾಗಿಲ್ಲ, ನಿರ್ಮಿಸಿ ಹೋಲಿಸಿದರಾಯಿತು.