ಗಣಕಭಾಷೆಯಲ್ಲಿ ಉತ್ಸರ್ಗ ಮತ್ತು ಅಪವಾದ

ವ್ಯಾಕರಣವನ್ನು ಅಭ್ಯಸಿಸಿದವರಿಗೆ ಉತ್ಸರ್ಗ, ಅಪವಾದ ಎಂಬ ಮಾತುಗಳು ಹೊಸವಲ್ಲ. ಸಾಮಾನ್ಯ ವಿಧಿ ಉತ್ಸರ್ಗ. ಅದರ ವ್ಯಾಪ್ತಿಯೊಳಗೇ ಒಂದು ಕಿರುಕ್ಷೇತ್ರದಲ್ಲಿ ಅದನ್ನು ಬಾಧಿಸುವ ವಿಶೇಷ ವಿಧಿ ಅಪವಾದ. ಇಕಾರದ ಮುಂದೆ ಸ್ವರವು ಬಂದಲ್ಲಿ ಯಕಾರಾದೇಶವಾಗುವುದು ಸಾಮಾನ್ಯ: ಅತಿ + ಅಂತ = ಅತ್ಯಂತ. ಸವರ್ಣಸ್ವರವೇ ಪರವಾದಲ್ಲಿ ದೀರ್ಘವಾಗುವುದು ವಿಶೇಷ: ಗಿರಿ + ಈಶ = ಗಿರೀಶ. ಅಪವಾದವು ತನ್ನ ಕ್ಷೇತ್ರದಲ್ಲಿ ಮಾತ್ರ ಪ್ರಬಲ. ಅದರ ಹೊರಗೆ ಉತ್ಸರ್ಗವು ಅಬಾಧಿತ. ಗಣಕಭಾಷೆಗಳಲ್ಲಿ ಓವರ್‌ರೈಡಿಂಗ್ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ.

ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬ ವಿದ್ವಾಂಸರು ರಚಿಸಿದ ಸಿಮುಲಾ 67 ಭಾಷೆಯಲ್ಲಿಯೇ ಈ ವ್ಯವಸ್ಥೆಯಿತ್ತು. 1995ರಲ್ಲಿ ಪ್ರಕಟವಾದ ಜಾವಾ ಭಾಷೆಯ ರೀತಿಯಲ್ಲಿ ಒಂದು ಉದಾಹರಣೆಯನ್ನು ನೋಡೋಣ.

‘ವಿದ್ಯಾರ್ಥಿ’ ಎಂಬುದೊಂದು ಕ್ಲಾಸ್, ಅಂದರೆ ವರ್ಗ. ಅದರಲ್ಲಿ ‘ಹೆಸರು’, ‘ಶುಲ್ಕ’ ಎಂಬ ಎರಡು ಮೆಥಡ್‌ಗಳಿವೆ. ಶುಲ್ಕವೆಷ್ಟೆಂದು ಕೇಳಿದರೆ 500 ಎಂಬ ಉತ್ತರ ಬರುತ್ತದೆ. ‘ಉಚಿತವಿದ್ಯಾರ್ಥಿ’ ಎಂಬುದು ಅದರ ಉಪವರ್ಗ. ಇದು ‘ಹೆಸರು’ ಎಂಬುದನ್ನು ಪಿತ್ರಾರ್ಜಿತವಾಗಿ ಪಡೆದು, ‘ಶುಲ್ಕ’ವನ್ನು ಮಾತ್ರ ತಾನೇ ಬರೆದುಕೊಂಡು 0 ಎಂದು ಉತ್ತರಿಸುತ್ತದೆ. ಶುಲ್ಕದ ಪಟ್ಟಿಯನ್ನು ಸಿದ್ಧಪಡಿಸುವ ಭಾಗವು ಯಾರ ವರ್ಗವನ್ನೂ ವಿಚಾರಿಸದೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತದೆ. ಅವರವರ ವರ್ಗದ ಉತ್ತರವೇ ಬರುತ್ತದೆ. ನಾಳೆ ಇನ್ನೊಂದು ಉಪವರ್ಗ ಸೇರಿದರೂ ಪಟ್ಟಿಯ ಭಾಗವನ್ನು ತಿದ್ದಬೇಕಾಗಿಲ್ಲ.

ಆದರೆ ಇಲ್ಲೊಂದು ಅಪಾಯವುಂಟು. ಉಪವರ್ಗದಲ್ಲಿ ‘ಶುಲ್ಕ’ ಎಂಬಲ್ಲಿ ‘ಶುಲ್ಕಾ’ ಎಂದು ದೀರ್ಘವಾಗಿ ಬರೆದರೆ, ಜಾವಾ ಅದನ್ನು ಆಕ್ಷೇಪಿಸದೆ ಬೇರೊಂದು ಮೆಥಡ್ ಎಂದೇ ಗ್ರಹಿಸುತ್ತದೆ. ಮೂಲವಿಧಿಯು ಬಾಧಿತವಾಗುವುದಿಲ್ಲ, ಬಡ ಹುಡುಗನ ಹೆಸರಿನ ಮುಂದೆ 500 ಎಂದು ದಾಖಲಾಗುತ್ತದೆ. ಒಂದು ಮಾತ್ರೆಯ ದೋಷಕ್ಕೆ ಇಷ್ಟು ಫಲ! ಆದುದರಿಂದಲೇ 2004ರ ಐದನೆಯ ಆವೃತ್ತಿಯಲ್ಲಿ, ಮೆಥಡಿನ ಮೇಲೆ ‘ಓವರ್‌ರೈಡ್’ ಎಂಬ ಗುರುತನ್ನು ಬರೆಯುವ ಸೌಲಭ್ಯವನ್ನು ತಂದರು. ಈ ಗುರುತಿದ್ದು, ಬಾಧಿಸತಕ್ಕ ವಿಧಿಯು ಮೂಲದಲ್ಲಿಲ್ಲದಿದ್ದರೆ ಕಂಪೈಲರ್ ಆ ಬರಹವನ್ನು ಒಪ್ಪುವುದಿಲ್ಲ. ಆರಂಭದ ವಿದ್ಯಾರ್ಥಿಗಳು ಇದನ್ನೆಂದೂ ಬಿಡಬಾರದು.

ಮೂಲವಿಧಿಯನ್ನು ತಳ್ಳಿಹಾಕದೆ ಅದಕ್ಕೆ ಸೇರಿಸುವುದೂ ಸಾಧ್ಯ. ‘ನಿಲಯವಿದ್ಯಾರ್ಥಿ’ ವರ್ಗವು ‘ಸೂಪರ್’ ಎಂಬ ಪದದಿಂದ ಮೂಲದ ಶುಲ್ಕವನ್ನು ಕರೆದು, 300 ಕೂಡಿಸಿ 800 ಎನ್ನಬಹುದು. ಮುಂದೆ ಮೂಲಶುಲ್ಕವು 600 ಆದರೆ ಇದು ತಾನಾಗಿಯೇ 900 ಆಗುತ್ತದೆ.

ಉತ್ತರವು ಬದಲಾಗಬಹುದು, ಪ್ರಶ್ನೆಯ ಅರ್ಥವು ಬದಲಾಗಕೂಡದು: ಶುಲ್ಕವನ್ನು ಕೇಳಿದವರಿಗೆ ಶುಲ್ಕವನ್ನೇ ಹೇಳಬೇಕು. ಆದಕಾರಣ ಅಪವಾದವನ್ನು ಬರೆಯಹೊರಟವನು ಮೊದಲು ಉತ್ಸರ್ಗವನ್ನು ಪೂರ್ತಿಯಾಗಿ ಓದಿರಬೇಕು.