ಕಬ್ಬಿಣ ಹೆಚ್ಚಾದವರಿಗೆ ‘ಸಿ’ ಜೀವಸತ್ವ

ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವ ನಮ್ಮ ರೂಢಿ ಒಳ್ಳೆಯದೇ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣಾಂಶ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ‘ಸಿ’ ಜೀವಸತ್ವ ಅದನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದವರಿಗೆ ಇದು ಉಪಕಾರಿ. ಆದರೆ ಮೈಯಲ್ಲಿ ಕಬ್ಬಿಣ ಈಗಾಗಲೇ ಹೆಚ್ಚಾಗಿರುವವರೂ ಇದ್ದಾರೆ.

ಕಬ್ಬಿಣ ಹೆಚ್ಚಾಗುವುದೂ ಉಂಟೇ ಎಂದು ನೀವು ಕೇಳಬಹುದು. ಆರೋಗ್ಯವಂತ ವಯಸ್ಕರ ದೇಹದಲ್ಲಿ ಇರುವುದು ಒಟ್ಟು 3-4 ಗ್ರಾಂ ಮಾತ್ರ. ದಿನಕ್ಕೆ 1-2 ಮಿಲಿಗ್ರಾಂ ಒಳಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊರಹೋಗುತ್ತದೆ. ಮಿಗಿಲಾದುದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಥಲಸೀಮಿಯಾ ಮೇಜರ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಿಗೆ ಎರಡರಿಂದ ಐದು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಆಹಾರದಿಂದ ಅಷ್ಟು ಸೇರಲು ಮೂರು ತಿಂಗಳಿಗೂ ಹೆಚ್ಚು ಬೇಕು! ಇದೆಲ್ಲ ಯಕೃತ್ತು, ಹೃದಯ, ಹಾರ್ಮೋನು ಗ್ರಂಥಿಗಳಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ.

ಮಗು ಬಿಳಿಚಿಕೊಂಡಿದೆ ಎಂದು ನೆರೆಹೊರೆಯವರು ಟಾನಿಕ್ ಹೆಸರು ಹೇಳುತ್ತಾರೆ. ಪೆಪ್ಪರಮಿಂಟಿನಂತೆ ಚೀಪುವ 500 ಮಿಲಿಗ್ರಾಂ ‘ಸಿ’ ಮಾತ್ರೆಯಂತೂ ಚೀಟಿಯಿಲ್ಲದೆ ಸಿಗುತ್ತದೆ. ಈ ಮಕ್ಕಳ ವಿಷಯದಲ್ಲಿ ಇದು ಅಪಾಯ. ಶೇಖರವಾಗಿ ಸುಮ್ಮನಿದ್ದ ಕಬ್ಬಿಣವನ್ನು ಹೆಚ್ಚಿನ ‘ಸಿ’ ಜೀವಸತ್ವ ಸಡಿಲಗೊಳಿಸುತ್ತದೆ. ಹಾಗೆ ಬಿಡುಗಡೆಯಾದ ಕಬ್ಬಿಣ ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲದು.

ವಿಚಿತ್ರವೆಂದರೆ, ಇದೇ ಮಕ್ಕಳಲ್ಲಿ ‘ಸಿ’ ಜೀವಸತ್ವದ ಕೊರತೆಯೂ ಸಾಮಾನ್ಯ. ಹೆಚ್ಚಾದ ಕಬ್ಬಿಣವೇ ಅದನ್ನು ಬೇಗ ಖರ್ಚು ಮಾಡಿಬಿಡುತ್ತದೆ. ಆದ್ದರಿಂದ ವೈದ್ಯರು ಅದನ್ನು ಕೆಲವೊಮ್ಮೆ ತಾವೇ ಕೊಡುವುದುಂಟು. ಕಬ್ಬಿಣವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಡೆಸ್‌ಫೆರಿಯಾಕ್ಸಮಿನ್ ಔಷಧವನ್ನು ಪುಟ್ಟ ಪಂಪಿನಿಂದ ಚರ್ಮದಡಿ ಹರಿಸುವ ದಿನಗಳಲ್ಲಿ ಮಾತ್ರ, ಅದೂ ಆ ಚಿಕಿತ್ಸೆ ಆರಂಭವಾಗಿ ಕೆಲವು ವಾರಗಳಾದ ಮೇಲೆ. ಸಡಿಲಗೊಂಡ ಕಬ್ಬಿಣವನ್ನು ಹಿಡಿಯಲು ಆಗ ಔಷಧ ಕಾದಿರುತ್ತದೆ. ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 2-3 ಮಿಲಿಗ್ರಾಂ. 20 ಕಿಲೋ ಮಗುವಿಗೆ 60 ಮಿಲಿಗ್ರಾಂ ಮೀರದು. ಅಂಗಡಿಯ ಮಾತ್ರೆಯೊಡನೆ ಹೋಲಿಸಿ ನೋಡಿ. ಪಂಪಿನ ಬದಲು ಕಬ್ಬಿಣ ತೆಗೆಯುವ ಗುಳಿಗೆ ಪಡೆಯುತ್ತಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ‘ಸಿ’ ಮಾತ್ರೆ ಬೇಡವೇ ಬೇಡ.

ಹಾಗಾದರೆ ಮಗುವಿಗೆ ಕಿತ್ತಳೆ, ಸೀಬೆ ನಿಲ್ಲಿಸಬೇಕೇ? ಬೇಕಿಲ್ಲ. ಊಟದ ಜೊತೆ ಬೇಡ, ನಡುವಿನ ಹೊತ್ತಿನಲ್ಲಿ ಮಿತವಾಗಿ ತಿನ್ನಲಿ. ದೊಡ್ಡವರಾದರೆ ಊಟದೊಡನೆ ಒಂದು ಲೋಟ ಚಹಾ ಕುಡಿಯಬಹುದು, ಅದು ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ. (ಉಳಿದವರಿಗೆ ಈ ಸಲಹೆ ತಲೆಕೆಳಗು!)

ಇನ್ನೊಂದು ಮಾತು. ಥಲಸೀಮಿಯಾ ಮೈನರ್ ಇರುವವರಿಗೆ ಕಾಯಿಲೆಯ ತೊಂದರೆಯಿಲ್ಲ, ಆದರೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ಇಂಥವರು ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಅದು ಏರುವುದಿಲ್ಲ. ಮೂರು ತಿಂಗಳ ಗುಳಿಗೆಯಿಂದಲೂ ಗುಣ ಕಾಣದಿದ್ದರೆ ಇನ್ನೊಂದು ಸೀಸೆ ಕೊಳ್ಳುವ ಮೊದಲು ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಎ-2 ರಕ್ತಪರೀಕ್ಷೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.